ಕೊರಳಪಟ್ಟಿಯ ನಾಲ್ಕು ಸಾಲು

“ಅದನ್ನ ಮುಟ್ಟಿ ಅಂತ ನಿಮಗೆ ಯಾರು ಹೇಳಿದ್ರು? ನಮ್ಮಮ್ಮ ಹೆಣೆದ ಸ್ವೆಟರ್ ಅದು. ಬಿಚ್ಚಿ ಹಾಕೋಕೆ ಕೈ ಹೆಂಗೆ ಬಂತು ನಿಮಗೆ?”

“ದನಿ ತಗ್ಗಿಸು. ಪಕ್ಕದ ಮನೆಯವರಿಗೆ ದೋಸೆ ಜೊತೆ ನಂಚಿಕೊಳ್ಳೋಕೆ ನಮ್ಮನೆ ಜಗಳವೇ ಆಗಬೇಕಾ?”

“ಕೇಳಲಿ! ವಿಡಿಯೋ ಮಾಡಿ ಊರಿಗೆಲ್ಲ ತೋರಿಸಿದೀರಲ್ಲ, ಇದನ್ನೂ ಕೇಳಲಿ.”

ಅಪೇಕ್ಷಾ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಕೈಯಲ್ಲಿ ಮೊಬೈಲು, ಮೈಮೇಲೆ ಹೊಸ ಮರೂನ್ ಸ್ವೆಟರು. ತೊಟ್ಟು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ. ಅವತ್ತು ಅವಳಿಗೆ ಹದಿನೆಂಟು ತುಂಬಿತ್ತು. ಒಳಗೆ ಓವನ್ನಿನಲ್ಲಿ ಅವಳ ಹುಟ್ಟುಹಬ್ಬದ ಬಾಳೆಹಣ್ಣಿನ ಕೇಕು ಉಬ್ಬುತ್ತಿತ್ತು. ಮಲೆನಾಡಿನ ಸಾಗರದ ಜನವರಿ ಚಳಿಗೆ ಮುಚ್ಚಿದ ಕಿಟಕಿಗಳ ಒಳಗೆ ಏಲಕ್ಕಿ ಪರಿಮಳ ಗಮ್ಮೆನ್ನುತ್ತಿತ್ತು.

ದೀಪ್ತಿ ಈ ಮನೆಗೆ ಗಿರಿಧರನ ಎರಡನೇ ಹೆಂಡತಿಯಾಗಿ ಬಂದು ನಾಲ್ಕು ವರ್ಷ. ಮೊದಲನೆಯವಳು ವಾರಿಜಾ, ಅಪೇಕ್ಷಾಗೆ ಏಳು ವರ್ಷವಿದ್ದಾಗ ಕಾಯಿಲೆ ಬಿದ್ದು ತೀರಿಕೊಂಡವಳು. ದೀಪ್ತಿ ಹೊಸ ಮನೆಗೆ ತಂದದ್ದು ಒಂದು ಬುಟ್ಟಿ ಉಲ್ಲನ್, ಒಂದು ಓವನ್, ಮತ್ತು ಮೂಗಿನ ತುದಿಯ ಮೇಲಿನ ಸಿಟ್ಟು. ಹದಿನಾಲ್ಕರ ಹುಡುಗಿ ಮೊದಲ ಆರು ತಿಂಗಳು ಅವಳ ಜೊತೆ ಮಾತೇ ಆಡಲಿಲ್ಲ. ಕೇಕು ಮಾತ್ರ ತಿಂದಳು. ಅಂಚು ಸ್ವಲ್ಪ ಸೀದದ್ದು ಅವಳಿಗೆ ಇಷ್ಟ ಅಂತ ಗೊತ್ತಾದ ಮೇಲೆ ದೀಪ್ತಿ ಪ್ರತಿ ಸಲವೂ ಐದು ನಿಮಿಷ ಹೆಚ್ಚೇ ಬೇಯಿಸುತ್ತಿದ್ದಳು. ಆಮೇಲೆ ಒಂದು ದಿನ ಹುಡುಗಿ ಬಂದು ಪಕ್ಕದಲ್ಲಿ ಕೂತು, “ಚಿಕ್ಕಿ, ನಂಗೂ ಹೇಳಿಕೊಡ್ತೀರಾ?” ಅಂತ ಹೆಣಿಗೆಯ ಕಡ್ಡಿಗೆ ಕೈ ಚಾಚಿದ್ದಳು. ದೀಪ್ತಿ ಕಲಿಸಿದ ಮೊದಲ ಪಾಠ ಇದು: “ತಪ್ಪಿದ್ರೆ ಹೆದರಬೇಡ, ಬಿಚ್ಚು. ಬಿಚ್ಚಿದ ಉಲ್ಲನ್ ಎಷ್ಟು ಸಲ ಬೇಕಾದ್ರೂ ಹೆಣೆಯಬಹುದು. ಕತ್ತರಿ ಬಿತ್ತೋ, ಮುಗೀತು.”

ಚಿಕ್ಕಿ ಅಂದವಳು ಅಮ್ಮಾ ಅನ್ನಲು ಇನ್ನೆಷ್ಟು ದಿನ? ದೀಪ್ತಿಗೆ ಮಕ್ಕಳಿರಲಿಲ್ಲ, ಆಗುವ ವಯಸ್ಸೂ ದಾಟಿತ್ತು. ಯಾರ ಹತ್ತಿರವೂ ಬಾಯಿಬಿಡದೆ ಅವಳು ಆ ಒಂದು ಶಬ್ದಕ್ಕೆ ಕಾಯುತ್ತಿದ್ದಳು. ಹದಿನೆಂಟರ ಹುಟ್ಟುಹಬ್ಬಕ್ಕೆ ಕೇಳಿಸಿಯೇ ಕೇಳಿಸುತ್ತದೆ ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದಳು.

ವಾರಿಜಾ ಗಂಡನಿಗೆಂದು ಹೆಣೆದ ಸ್ವೆಟರು ಬೀರುವಿನ ಕೆಳಗಿನ ಖಾನೆಯಲ್ಲಿ ನುಸಿಗುಳಿಗೆಗಳ ನಡುವೆ ಮಲಗಿತ್ತು. ಗಿರಿಧರ ಅದನ್ನು ಒಂದು ದಿನವೂ ಹಾಕಿದವನಲ್ಲ, ಕೊಟ್ಟುಬಿಟ್ಟವನೂ ಅಲ್ಲ. ಬೀರು ತೆಗೆದಾಗೆಲ್ಲ ದೀಪ್ತಿಯ ಕಣ್ಣಿಗೆ ಅದೇ. ಕಳೆದ ದೀಪಾವಳಿ ಆದ ಮೇಲೆ ಅವಳು ಅದನ್ನು ಹೊರಗೆ ತೆಗೆದು, “ಇದನ್ನ ಬಿಚ್ಚಿ ಮಗಳಿಗೆ ಒಂದು ಹೆಣೀಲಾ?” ಎಂದು ಕೇಳಿದಳು. ಗಿರಿಧರ ಅಂಗಡಿಯಿಂದ ತಂದ ಮಿಕ್ಸಿ ರಿಪೇರಿ ಮಾಡುತ್ತಿದ್ದ. ಅವನದು ಪೇಟೆಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ತಲೆ ಎತ್ತದೆ, “ಏನಾದ್ರೂ ಮಾಡ್ಕೋ” ಅಂದ. ಅಮ್ಮನ ಉಲ್ಲನ್ನು, ನನ್ನ ಕೈ, ಮಗಳಿಗೆ ಇಬ್ಬರೂ ಸಿಕ್ಕಂತಾಗುತ್ತದೆ ಎಂದು ದೀಪ್ತಿ ತನಗೆ ತಾನೇ ಹೇಳಿಕೊಂಡಳು. ಅದು ಅರ್ಧ ನಿಜ. ಸತ್ತವಳ ಕೈಯ ಗುರುತು ಬೀರುವಿನಿಂದ ತೊಲಗಲಿ ಅನ್ನುವುದು ಉಳಿದರ್ಧ.

ಪ್ರತಿ ಬುಧವಾರ ಮಧ್ಯಾಹ್ನ ಅವಳ ಮನೆಯಲ್ಲಿ ನಾಲ್ಕು ಹೆಂಗಸರು ಹೆಣೆಯಲು ಕೂಡುತ್ತಿದ್ದರು. ಹೆಣೆದದ್ದಕ್ಕಿಂತ ಕೇಕು ತಿಂದದ್ದೇ ಹೆಚ್ಚು. ಹಾಗೊಂದು ಬುಧವಾರ ಅವರ ಮುಂದೆ ದೀಪ್ತಿ ಆ ಸ್ವೆಟರು ಹಿಡಿದು ಬಿಚ್ಚಲು ಕೂತಳು. ಬಿಚ್ಚುವುದು ಯಾವತ್ತೂ ಕೊನೆಗೆ ಹೆಣೆದ ಕಡೆಯಿಂದ. ಇಲ್ಲಿ ಅದು ಕೊರಳಪಟ್ಟಿ. ಮೈ, ತೋಳು ಎಲ್ಲ ಅಚ್ಚುಕಟ್ಟು, ಪಟ್ಟಿಯ ಕೊನೆಯ ನಾಲ್ಕು ಸಾಲು ಮಾತ್ರ ಸೊಟ್ಟ. ಒಂದು ಕುಣಿಕೆ ಬಿಗಿ, ಒಂದು ಸಡಿಲ, ನಡುವೆ ಎರಡು ಬಿಟ್ಟೇಹೋಗಿತ್ತು. ಗುಂಪಿನ ಶ್ಯಾಮಲಾ ಮೊಬೈಲು ಹಿಡಿದಳು. ದೀಪ್ತಿ ಆ ಪಟ್ಟಿಯನ್ನು ಕ್ಯಾಮೆರಾ ಎದುರು ಎತ್ತಿ, “ನೋಡ್ರೇ, ಇದು ಹೆಣಿಗೆಯಾ, ಕೋಳಿ ಕೆದರಿದ್ದಾ?” ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳು ತುದಿ ಹಿಡಿದು ಎಳೆದಳು. ಸರ್‍ರೆಂದು ನಾಲ್ಕೂ ಸಾಲು ಹೋಯಿತು.

ಇವತ್ತು ಬೆಳಿಗ್ಗೆ ಶ್ಯಾಮಲಾ ಒಳ್ಳೆಯ ಮನಸ್ಸಿನಿಂದಲೇ ಆ ವಿಡಿಯೋಗೆ ಹೊಸ ಸ್ವೆಟರಿನ ಫೋಟೋ ಅಂಟಿಸಿ, ಹಾಡು ಹಾಕಿ, ಹುಟ್ಟುಹಬ್ಬದ ಶುಭಾಶಯ ಅಂತ ಅಪೇಕ್ಷಾಗೇ ಕಳಿಸಿದ್ದಳು.

“ಹೂಂ, ಬಿಚ್ಚಿದೆ,” ದೀಪ್ತಿ ಸೊಂಟದ ಮೇಲೆ ಕೈ ಇಟ್ಟಳು. “ಹನ್ನೊಂದು ವರ್ಷ ಮೂಲೇಲಿ ಬಿದ್ದಿತ್ತು. ನೀನಾದ್ರೂ ಒಂದಿನ ತೆಗೆದು ನೋಡಿದ್ಯಾ? ನಾನು ಮುಟ್ಟಿದ ಮೇಲೆ ನೆನಪಾಯ್ತಾ ಅಮ್ಮ?”

“ವರ್ಷ ವರ್ಷ ಅಮ್ಮನ ತಿಥಿಗೆ ತೆಗೆದು ನೋಡ್ತಿದ್ದೆ. ನಿಮ್ಮೆದುರು ನೋಡ್ತಿರ್ಲಿಲ್ಲ, ಅಷ್ಟೇ.”

“ಮತ್ತೆ ಬಾಯಿಬಿಟ್ಟು ಹೇಳೋಕೆ ಎಂತ ಆಗಿತ್ತು?”

“ನೀವು ಕೇಳಿದ್ರಾ?”

“ನಿಮ್ಮಪ್ಪನ್ನ ಕೇಳಿದೀನಿ. ಬೇಕಾದ್ರೆ ವಿಚಾರಿಸು. ಅಲ್ಲೇ ಕೂತಿದಾರಲ್ಲ, ಕಲ್ಲು ಬಸವನ ಹಾಗೆ.”

ಗಿರಿಧರ ಜಗಲಿಯಲ್ಲಿ ಪೇಪರಿನ ಹಿಂದೆ ಕೂತಿದ್ದ. ಪುಟ ಮಗುಚಿದ ಸದ್ದು ಮಾತ್ರ ಬಂತು.

“ಬಿಚ್ಚಿದ್ದು ಹಾಳಾಗಿ ಹೋಗ್ಲಿ,” ಅಪೇಕ್ಷಾ ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದಳು. “ನಕ್ಕಿದ್ದು ಎಂತಕ್ಕೆ?”

ಇಲ್ಲಿ ದೀಪ್ತಿ ಸುಮ್ಮನಿರಬಹುದಿತ್ತು. ಆದರೆ ಅವಳಿಗೆ ಎರಡು ತಿಂಗಳು ಕೂತು ಹೆಣೆದದ್ದು ಕಣ್ಣಮುಂದೆ ಬಂತು, ಬೆಳಿಗ್ಗೆ ನಾಲ್ಕೂವರೆಗೆ ಎದ್ದದ್ದು ಬಂತು. ಇಷ್ಟೆಲ್ಲ ಮಾಡಿಯೂ ಈ ಮನೆಯಲ್ಲಿ ಗೆಲ್ಲುವವಳು ಸತ್ತವಳೇ ಎಂದು ಮೈ ಉರಿಯಿತು.

“ನಗೋ ಹಾಗಿತ್ತು, ನಕ್ಕೆ. ನಾಲ್ಕು ಸಾಲು ನೆಟ್ಟಗೆ ಹಾಕೋಕೆ ಬರದವಳನ್ನ ದೇವರು ಅಂತ ಪೂಜೆ ಮಾಡು ಅಂದ್ರೆ ನನ್ನ ಕೈಲಿ ಆಗಲ್ಲ.”

ಅಪೇಕ್ಷಾ ಮೊಬೈಲು ಕೆಳಗಿಳಿಸಿದಳು. ಆಮೇಲೆ ಬಾಯಿಬಿಟ್ಟಾಗ ಕೂಗಾಟ ಇರಲಿಲ್ಲ.

“ಅದು ಅಮ್ಮ ಹಾಕಿದ್ದಲ್ಲ. ಆ ನಾಲ್ಕು ಸಾಲು ನಂದು.”

“ಎಂತದು?”

“ಅಮ್ಮಂಗೆ ಕಡ್ಡಿ ಹಿಡಿಯೋಕೆ ಆಗ್ತಿರ್ಲಿಲ್ಲ. ಬೆರಳೆಲ್ಲ ಊದಿತ್ತು. ಮಲಗಿದ್ದಲ್ಲಿಂದಲೇ ಸೀದಾ, ಉಲ್ಟಾ ಅಂತ ಹೇಳ್ತಿದ್ಲು, ನಾನು ಹಾಕ್ತಿದ್ದೆ. ದಿನಕ್ಕೆ ಒಂದು ಸಾಲು. ನಾಲ್ಕನೇ ದಿನ ಮುಗೀತು. ಐದನೇ ದಿನ ಅಮ್ಮ ಇರ್ಲಿಲ್ಲ.”

ದೀಪ್ತಿ ಜಗಲಿಯ ಕಡೆ ತಿರುಗಿದಳು. ಗಿರಿಧರನ ಪೇಪರು ಮೊಣಕಾಲಿಗೆ ಇಳಿದಿತ್ತು.

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕೆ ಬಿಚ್ಚು ಅಂದ್ರಿ?”

“ಬೇಡ ಅಂದಿದ್ರೆ ನೀನು ರಂಪ ಮಾಡ್ತಿದ್ದೆ,” ಅಂದ ಗಿರಿಧರ. “ಯಾರಿಗೆ ಬೇಕು ಮಾರಾಯ್ತಿ.”

ತಪ್ಪಾಯ್ತು ಅನ್ನುವ ಮಾತು ದೀಪ್ತಿಯ ನಾಲಿಗೆಯವರೆಗೆ ಬಂದಿತ್ತು, ಸುಳ್ಳಲ್ಲ. ಆದರೆ ಗಂಡನ ಮೇಲೆ ಹತ್ತಿದ ಉರಿ ಅದನ್ನು ತಳ್ಳಿಕೊಂಡು ಮುಂದೆ ನುಗ್ಗಿತು. ಗಂಡನಿಗೆ ಆಡಬೇಕಾದದ್ದನ್ನು ಹುಡುಗಿಯ ಮುಖಕ್ಕೆ ಆಡಿದಳು.

“ಹಾಗಾದ್ರೆ ನಿಮ್ಮಮ್ಮಂಗೆ ಕಲಿಸೋಕೂ ಬರ್ತಿರ್ಲಿಲ್ಲ ಅಂತಾಯ್ತು.”

ಅಷ್ಟೊತ್ತಿಗೆ ಓವನ್ನು ಟಿಂಗ್ ಅಂತು. ದೀಪ್ತಿಯ ಕೈಗೆ ಬೇರೆ ಅಭ್ಯಾಸವಿಲ್ಲ. ದಪ್ಪ ಬಟ್ಟೆ ಸುತ್ತಿಕೊಂಡು ಕೇಕಿನ ತಟ್ಟೆ ಹೊರಗೆಳೆದಳು. ಅಂಚು ಬೇಕಾದಷ್ಟೇ ಸೀದಿತ್ತು. ಕಡ್ಡಿ ಚುಚ್ಚಿ ನೋಡಿದಳು. ಬೆಂದಿತ್ತು. ಹಿಂದೆ ತಿರುಗುವಾಗ ಹುಡುಗಿ ಸ್ವೆಟರು ಕಳಚಿ ಮೇಜಿನ ಮೇಲೆ ಹರಡಿದ್ದಳು. ಉಲ್ಲನ್ ಬುಟ್ಟಿಯ ದೊಡ್ಡ ಕತ್ತರಿ ಅವಳ ಕೈಯಲ್ಲಿತ್ತು.

“ಅಪ್ಪೀ, ಬೇಡ. ಬೇಕಾದ್ರೆ ಬಿಚ್ಚು. ಕೂತು ಪೂರ್ತಿ ಬಿಚ್ಚಿಹಾಕು, ನಾನು ಎಂತದೂ ಅನ್ನಲ್ಲ. ಕತ್ತರಿ ಹಾಕಬೇಡ.”

“ಬಿಚ್ಚಿದ್ರೆ ನೀವು ಮತ್ತೆ ಹೆಣೀತೀರಿ,” ಅಂದಳು ಅಪೇಕ್ಷಾ. “ನೀವೇ ಹೇಳಿಕೊಟ್ಟಿದ್ದಲ್ಲ, ಚಿಕ್ಕಿ.”

ಕತ್ತರಿ ಕೆಳಗಿನ ಅಂಚಿನಿಂದ ಹೊರಟು ಕೊರಳಪಟ್ಟಿಯವರೆಗೂ ಹೋಯಿತು. ಆಮೇಲೆ ಅಡ್ಡಕ್ಕೆ. ಆಮೇಲೆ ತೋಳುಗಳು. ಹುಡುಗಿ ಅವಸರ ಮಾಡಲಿಲ್ಲ, ದರ್ಜಿಯ ಹಾಗೆ ಅಳೆದು ಅಳೆದು ಕತ್ತರಿಸಿದಳು. ಮರೂನ್ ಚೂರುಗಳು ಮೇಜಿನಿಂದ ನೆಲಕ್ಕೆ ಉದುರಿದವು. ಒಂದು ಗೇಣಿಗಿಂತ ಉದ್ದದ ಎಳೆ ಉಳಿಯಲಿಲ್ಲ. ದೀಪ್ತಿ ಬಿಸಿ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಬಟ್ಟೆ ದಾಟಿ ಬಿಸಿ ಬೆರಳಿಗೆ ಬಂದಾಗ ಕೆಳಗಿಟ್ಟಳು.

ಅಪೇಕ್ಷಾ ಕಾಲೇಜಿನ ಬ್ಯಾಗಿಗೆ ಎರಡು ಜೊತೆ ಬಟ್ಟೆ ತುರುಕಿಕೊಂಡಳು. ಹೊಸನಗರದಲ್ಲಿ ಅವಳ ಸೋದರಮಾವ ಮಹಾಗಣಪತಿಯ ಮನೆ ಇತ್ತು. ಜಗಲಿ ದಾಟುವಾಗ ಗಿರಿಧರ, “ಚಳಿ ಉಂಟು ಮಗಾ, ಏನಾದ್ರೂ ಹಾಕ್ಕೊಂಡು ಹೋಗು” ಅಂದ. ತಡೆಯಲು ಅವನಿಗೆ ಅಷ್ಟೇ ಬಂದದ್ದು.

“ಹೋಗ್ಲಿ ಬಿಡಿ,” ದೀಪ್ತಿ ಒಳಗಿನಿಂದಲೇ ಕೂಗಿದಳು. “ಹೊಟ್ಟೆ ಹಸಿದ್ರೆ ಸಂಜೆ ತಾನಾಗೇ ಬರ್ತಾಳೆ.”

ತೆಳು ಚೂಡಿದಾರದಲ್ಲಿ ಹುಡುಗಿ ಗೇಟು ತೆಗೆದಳು. ಮುಚ್ಚಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ನಡೆದಳು.

ಸಂಜೆ ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಬುಧವಾರದ ಹೆಂಗಸರಿಗೆ ದೀಪ್ತಿ ತಾನೇ ಫೋನು ಮಾಡಿ ಬರಬೇಡಿ ಅಂದಳು. ಹನ್ನೆರಡನೇ ದಿನ ಗೇಟಿನ ಮುಂದೆ ಕಾರು ನಿಂತಿತು. ದೀಪ್ತಿ ಓಡಿಬಂದಳು. ಇಳಿದವನು ಮಹಾಗಣಪತಿ ಒಬ್ಬನೇ. ಹುಡುಗಿಯ ಪುಸ್ತಕ, ಮಾರ್ಕ್ಸ್ ಕಾರ್ಡು, ಆಧಾರು ಎಲ್ಲ ಕೇಳಿ ತೆಗೆದುಕೊಂಡ. ಕಾಫಿ ಬೇಡ ಅಂದ. ಕೂರಲೂ ಇಲ್ಲ.

ದೀಪ್ತಿ ಹಿಂದಿನ ದಿನವಷ್ಟೇ ಮಾಡಿದ್ದ ಕೇಕನ್ನು ಡಬ್ಬಿಗೆ ಹಾಕಿ, ಕಾರಿನ ಕಿಟಕಿಯವರೆಗೂ ಹೋಗಿ ಚಾಚಿದಳು. “ಅಂಚು ಸೀದಿದ್ದು ಅಂದ್ರೆ ಅವಳಿಗೆ ಇಷ್ಟ. ಕೊಡಿ.”

ಮಹಾಗಣಪತಿ ಕೈ ಮುಂದೆ ಮಾಡಲಿಲ್ಲ.

“ಅವಳು ಹೇಳಿಯೇ ಕಳಿಸಿದಾಳೆ,” ಅಂದ. “ಸೀದಿದ್ದು ಯಾವತ್ತೂ ಸೇರ್ತಿರ್ಲಿಲ್ಲವಂತೆ. ನಿಮಗೆ ಬೇಜಾರಾಗಬಾರದು ಅಂತ ತಿಂತಿದ್ಲಂತೆ.”

ಕಾರು ಹೊಸನಗರದ ರಸ್ತೆ ಹಿಡಿಯಿತು. ಡಬ್ಬಿ ಅವಳ ಕೈಯಲ್ಲೇ ಉಳಿಯಿತು.