ಪಾಲು ಮಾಡಬಾರದ ಮದ್ದು

ಕಾಡಂಚಿನ ಆ ಕೇರಿಯಲ್ಲಿ ಹನ್ನೊಂದು ಮನೆ. ಮರ ಹತ್ತಿ ಯಾರೇ ಜೇನು ಇಳಿಸಲಿ, ಅದು ಹನ್ನೊಂದು ಪಾಲಾಗಬೇಕು. ಪಾಲು ಮಾಡುವ ಕೈ ಜೇನಕ್ಕನದು. ಅವಳ ಸೌಟು ಒಂದು ತೊಟ್ಟು ಆಚೀಚೆ ಆಗಿದ್ದನ್ನು ಕಂಡವರಿಲ್ಲ.

ಕೆಮ್ಮು ಹತ್ತಿದ ಮೇಲೆ ಅವಳ ಕೈಗೆ ಯಾರೂ ಸೌಟು ಕೊಡಲಿಲ್ಲ. ಪೇಟೆಯ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿ ಟಿ.ಬಿ. ಎಂದರು. ಗೋಡೆ ಕಡೆ ಮುಖ ಮಾಡಿ ಕೂರಿಸಿ, ಅವಳಿಗೆ ಅರ್ಥವಾಗದ ಭಾಷೆಯಲ್ಲಿ ಏನೇನೋ ಹೇಳಿ, ಮಾತ್ರೆ ಕೈಗಿಟ್ಟು ಕಳಿಸಿದರು. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಗೊತ್ತಾಗಲಿಲ್ಲ ಅಂದರೆ ನಗುತ್ತಾರೆ, ಹಿಂದೊಮ್ಮೆ ನಕ್ಕಿದ್ದರು. ಮನೆಗೆ ಬಂದರೆ ಪಕ್ಕದ ಮನೆಯಲ್ಲಿದ್ದ ಒಡಹುಟ್ಟಿದ ತಂಗಿಯೇ ಬಾಗಿಲು ಹಾಕಿಕೊಂಡಳು. ಕೂಗಳತೆಯಲ್ಲಿ ತಂಗಿ ಇದ್ದೂ ಕೂಗಲಾಗದ ಬದುಕು ಶತ್ರುವಿಗೂ ಬೇಡ. ಮಾತಾಡಬೇಕೆನಿಸಿದರೆ ಜೇನಕ್ಕ ಒಲೆಯ ಜೊತೆ ಮಾತಾಡುತ್ತಿದ್ದಳು.

ಎರಡು ತಿಂಗಳಾದ ಮೇಲೆ ಮದ್ದಿನ ಹುಡುಗಿ ಬಂದಳು. ಹೊಸದಾಗಿ ಸೇರಿದ ಆರೋಗ್ಯ ಕಾರ್ಯಕರ್ತೆ. ಇದೇ ಜನದವಳು, ಇದೇ ಮಾತಿನವಳು. ಮಾಸ್ಕ್ ಕಟ್ಟಿಕೊಂಡಿದ್ದಳು, ಆದರೆ ಹೊಸ್ತಿಲಾಚೆ ನಿಲ್ಲಲಿಲ್ಲ. ಒಳಗೆ ಬಂದು, ಕಿಟಕಿ ತೆರೆದು, ಚಾಪೆಯ ಮೇಲೆ ಕೂತಳು.

"ದೊಡ್ಡಮ್ಮ, ಮಾತ್ರೆ ತೋರ್ಸಿ."

"ಮುಗ್ದೋಯ್ತು."

"ಇನ್ನೂ ಹತ್ತು ದಿನಕ್ಕಾಗೋಷ್ಟು ಇರ್ಬೇಕಿತ್ತಲ್ಲ?"

"ಪಾಲು ಮಾಡ್ದೆ." ಆ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ನಂಗೆ ಕೆಮ್ಮು ಇಳೀತು. ತಂಗಿ ಮಗಳು ಕೆಮ್ತಾ ಇದ್ಲು. ಬಾವಿಕಟ್ಟೆ ಮೇಲೆ ಇಟ್ಟು ಬರ್ತಿದ್ದೆ, ಅವ್ಳು ತಗೊಂಡು ಹೋಗ್ತಿದ್ಲು. ಮನೆಗೆ ಬಂದಿದ್ದನ್ನ ಒಬ್ಳೇ ತಿನ್ನೋಕಾಗುತ್ತಾ? ಆ ನೆಪಕ್ಕಾದ್ರೂ ಒಬ್ರು ನನ್ನ ಕಡೆ ತಿರುಗಿ ನೋಡ್ತಿದ್ರು, ಮಗಳೇ."

ಹುಡುಗಿ ಬಯ್ಯಲಿಲ್ಲ. "ಆಸ್ಪತ್ರೆಯೋರು ನಮ್ಮ ಮಾತಲ್ಲಿ ಹೇಳ್ಬೇಕಿತ್ತು. ಇದು ಜೇನಲ್ಲ ದೊಡ್ಡಮ್ಮ. ಅರ್ಧಂಬರ್ಧ ತಗೊಂಡ್ರೆ ರೋಗ ಸಾಯಲ್ಲ, ಗಟ್ಟಿಯಾಗುತ್ತೆ. ಆಮೇಲೆ ಈ ಮಾತ್ರೆಗೆ ಬಗ್ಗಲ್ಲ. ನಿಮಗೂ ಅಪಾಯ, ಆ ಹುಡುಗೀಗೂ."

ಜೇನಕ್ಕ ಎದ್ದು ತಂಗಿಯ ಮನೆ ಕಡೆ ನೋಡಿದಳು. ತನ್ನ ಕೈಯಾರೆ ಕೊಟ್ಟಿದ್ದಲ್ಲವೇ.

"ಆಸ್ಪತ್ರೆಗೆ ಹೋದ್ರೆ ಅವ್ಳನ್ನೂ ಗೋಡೆ ಕಡೆ ಕೂರಿಸ್ತಾರೆ. ನಂಗೆ ಅದನ್ನ ನೋಡೋಕಾಗಲ್ಲ."

"ನಾನು ಜೊತೆಗಿರ್ತೀನಿ. ಹಾಗೆ ಕೂರಿಸಿದ್ರೆ ನಾನೇ ಕೇಳ್ತೀನಿ. ಆಸ್ಪತ್ರೆ ಯಾರಪ್ಪನ ಮನೆ ಗಂಟೂ ಅಲ್ಲ. ಪರೀಕ್ಷೆ ಆಗ್ಲಿ, ಕಾಯಿಲೆ ಇದ್ರೆ ಅವ್ಳ ಮಾತ್ರೆ ಅವ್ಳಿಗೇ ಸಿಗುತ್ತೆ, ಬಿಟ್ಟಿಯಾಗಿ."

ಆ ಸಂಜೆಯೇ ಜೇನಕ್ಕ ಹೋಗಿ ತಂಗಿಯ ಅಂಗಳದಲ್ಲಿ ದೂರ ನಿಂತಳು.

"ಬಾಗ್ಲು ತೆಗೀಬೇಡ ತಂಗಿ, ಅಲ್ಲಿಂದ್ಲೇ ಕೇಳಿಸ್ಕೋ. ಮಗೂಗೆ ನನ್ನ ಮಾತ್ರೆ ಕೊಟ್ಟೆ, ತಪ್ಪಾಯ್ತು. ನಾಳೆ ಪರೀಕ್ಷೆಗೆ ಕರ್ಕೊಂಡು ಹೋಗು. ನಾನು ಬೇರೆ ಗಾಡೀಲಿ ಬರ್ತೀನಿ."

ಬಾಗಿಲು ತೆರೆಯಿತು.

"ನೀನು ಕೊಡ್ತಿದ್ದಿದ್ದು ನಂಗೆ ಗೊತ್ತಿತ್ತು ಅಕ್ಕ. ಆಸ್ಪತ್ರೆಗೆ ಹೆದರಿ ನಾನೇ ಸುಮ್ನಿದ್ದೆ," ಎಂದು ತಂಗಿ ಅತ್ತಳು. "ಒಂದೇ ಗಾಡೀಲಿ ಹೋಗೋಣ."

ತಂಗಿಯ ಮಗಳಿಗೂ ಟಿ.ಬಿ. ಇತ್ತು. ಪುಣ್ಯಕ್ಕೆ ಇಬ್ಬರ ರೋಗವೂ ಮಾತ್ರೆಗೆ ಇನ್ನೂ ಬಗ್ಗುವಂಥದ್ದು. ವೈದ್ಯರ ಒಂದೊಂದು ಮಾತನ್ನೂ ಮದ್ದಿನ ಹುಡುಗಿ ತಮ್ಮ ಮಾತಿನಲ್ಲಿ ಹೇಳಿದಳು. ಇಬ್ಬರೂ ಒಂದು ದಿನವೂ ತಪ್ಪಿಸದೆ ವೈದ್ಯರು ಹೇಳಿದಷ್ಟು ತಿಂಗಳು ಮಾತ್ರೆ ನುಂಗಿದರು. ತಂಗಿ ದಿನಾ ಬೆಳಿಗ್ಗೆ ನೀರಿನ ಲೋಟ ಹಿಡಿದು ಬರುತ್ತಿದ್ದಳು. ಉಳಿದ ಮನೆಗಳವರು ಬರಲು ಇನ್ನೂ ಬಹಳ ದಿನ ಬೇಕಾಯಿತು. ಆ ದಿನಗಳು ಜೇನಕ್ಕನಿಗೆ ಕಾಯಿಲೆಗಿಂತ ಭಾರವಾಗಿದ್ದವು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಎರಡು ವಾರ ದಾಟಿದ ಕೆಮ್ಮನ್ನು ಕಡೆಗಣಿಸಬೇಡಿ, ಕಫ ಪರೀಕ್ಷೆ ಮಾಡಿಸಿ. ಕೆಮ್ಮು ಇಳಿದರೂ ವೈದ್ಯರು ಸಾಕು ಅನ್ನುವವರೆಗೆ ಮಾತ್ರೆ ನಿಲ್ಲಿಸಬೇಡಿ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಬೇಡ. ನಿಮಗೆ ತಿಳಿಯುವ ಮಾತಿನಲ್ಲಿ ಹೇಳಿ ಎಂದು ಕೇಳಲು ನಾಚಬೇಡಿ, ಅದು ನಿಮ್ಮ ಹಕ್ಕು. ನಿಮ್ಮ ಪಕ್ಕದ ಮನೆಯಲ್ಲಿ ಯಾರಾದರೂ ಒಬ್ಬರೇ ಕೆಮ್ಮುತ್ತಿದ್ದರೆ, ಇವತ್ತೇ ಹೋಗಿ ಅವರ ಬಾಗಿಲು ತಟ್ಟಿ.