ಗಾಳಿಗೊಂದು ಮರೆ

ಒತ್ತಡಮಾಪಕದ ಮುಳ್ಳು ನಡುಗುತ್ತ ಏರುತ್ತಿದೆ, ಅದರ ಜೊತೆ ಅವಳ ಎದೆಯೂ, ಇನ್ನೇನು ಗಾಳಿಯನ್ನು ತಡೆದು ನಿಂತ ಅಲ್ಯೂಮಿನಿಯಂ ತಗಡು ಒಡೆಯುತ್ತದೆ, ಪ್ರಯೋಗದ ಉಕ್ಕಿನ ಸುರಂಗದುದ್ದಕ್ಕೂ ಗಾಳಿ ನುಗ್ಗುತ್ತದೆ, ಸದ್ದಿಗಿಂತ ಏಳು ಪಟ್ಟು ವೇಗದ ಗಾಳಿ, ರೆಪ್ಪೆ ಮಿಟುಕಿಸುವುದರೊಳಗೆ ಎಲ್ಲ ಮುಗಿದಿರುತ್ತದೆ, ಆ ಚೂರು ಹೊತ್ತಿನಲ್ಲಿ ಸುರಂಗದ ಆ ತುದಿಯಲ್ಲಿಟ್ಟ ಅವಳ ಪುಟ್ಟ ಎಂಜಿನ್ನಿನೊಳಗೆ ಬೆಂಕಿ ಹತ್ತಬೇಕು, ಹತ್ತಿ ನಿಲ್ಲಬೇಕು — ಹತ್ತುತ್ತದೆ, ಈ ಸಲ ಹತ್ತಿಯೇ ಹತ್ತುತ್ತದೆ, ಅರ್ಧ ಆಯುಷ್ಯ ಗಾಳಿಯ ಬೆನ್ನು ಹತ್ತಿದವಳಿಗೆ ಅಷ್ಟೂ ತಿಳಿಯುವುದಿಲ್ಲವೇ, ಹತ್ತದಿದ್ದರೆ ಏನೆಂದು ಪ್ರಯೋಗಾಲಯದ ನಿರ್ದೇಶಕರು ನಿನ್ನೆಯೇ ಹೇಳಿಯಾಗಿದೆ, ನೋಡಮ್ಮ ಇದೇ ಕೊನೆ, ನಾಳೆಯಿಂದ ಸುರಂಗ ಬೇರೆಯವ್ರಿಗೆ, ಬೆಟ್ಟ ಅಗೆದು ಇಲಿ ಹಿಡಿದಿದ್ದು ಸಾಕು — ಇಲೀನೂ ಸಿಕ್ಕಿಲ್ವಲ್ಲ ಸಾರ್ ಎಂದು ನಕ್ಕಿದ್ದಳು. ಎಂಜಿನ್ನಿನ ಗೋಡೆಯಲ್ಲೊಂದು ಸಣ್ಣ ತಗ್ಗು ಕೊರೆಸಿದ್ದಾಳೆ, ಗಾಳಿ ಮೇಲಿಂದ ಹಾರಿಹೋಗಲಿ, ಬೆಂಕಿ ತಗ್ಗಿನಲ್ಲಿ ಅಡಗಿ ಕೂರಲಿ ಎಂದು, ಇದೆಲ್ಲಿಂದ ಹೊಳೆಯಿತೆಂದು ಯಾರಿಗೂ ಹೇಳಿಲ್ಲ, ತಾರಸಿಯ ಮೇಲೆ ಸ್ಟವ್ ಹಚ್ಚುವ ಅಮ್ಮ, ಸೆರಗು ಹಾರಿಸುವ ಗಾಳಿ, ಬಟ್ಟಲಿನ ಹಾಗೆ ಮಡಚಿದ ಅಂಗೈ, ಅದರ ಮರೆಯಲ್ಲಿ ಕಡ್ಡಿ, ಕಡ್ಡಿಯ ತುದಿಯಲ್ಲಿ ಆರದ ನೀಲಿ — ಅರ್ಧ ದಾಟ್ತು ಮೇಡಂ, ಎಂದ ಪಕ್ಕದಲ್ಲಿದ್ದ ಫಿಟ್ಟರ್, ಅದೇ ಗಳಿಗೆಗೆ ಅವಳ ಜೀವ ಧಸಕ್ಕೆಂದಿತು: ತಗಡಿನ ಗೀರು ಎತ್ತ ಕಡೆಗಿತ್ತು?

ಅಡ್ಡಡ್ಡ ಉದ್ದುದ್ದ ಗೀರಿದ ಮುಖ ಎಂಜಿನ್ನಿನ ಕಡೆಗಿರಬೇಕು, ಆಗ ತಗಡು ನಾಲ್ಕು ಎಸಳಾಗಿ ಬಿರಿದು ಅಲ್ಲೇ ನಿಲ್ಲುತ್ತದೆ, ತಿರುಗುಮುರುಗಾದರೆ ಎಸಳು ಕಿತ್ತು ಚೂರಿಯ ಹಾಗೆ ಹೋಗಿ ಎಂಜಿನ್ನಿಗೇ ನಾಟುತ್ತದೆ, ಇವತ್ತು ತಗಡನ್ನು ಫಿಟ್ಟರನ ಕೈಗೆ ಕೊಡದೆ ತಾನೇ ಕೂರಿಸಿದ್ದಳು, ಖುಷಿಗೆ, ಹುಚ್ಚಿಗೆ, ಕೂರಿಸುವಾಗಲೇ ಅಮ್ಮನ ಫೋನು, ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು — ಇಷ್ಟು ಓದಿ ಒಂದು ಬೆಂಕಿ ಹಚ್ಚೋಕೆ ಒದ್ದಾಡ್ತೀಯಲ್ಲೇ, ನನ್ನ ಕರೆದಿದ್ರೆ ಒಂದೇ ಕಡ್ಡೀಲಿ ಹಚ್ಚಿ ಕೊಡ್ತಿದ್ದೆ — ನಕ್ಕಿದ್ದಳು, ಮೈಯೆಲ್ಲ ಕುಲುಕುವಂತೆ, ಆಮೇಲೆ? ಆಮೇಲೆ ಏನೂ ನೆನಪಿಲ್ಲ. ಮುಳ್ಳು ಏರುತ್ತಿದೆ. ನಿಲ್ಲಿಸ್ಲಾ ಮೇಡಂ, ನಿಮ್ಮ ಮುಖ ಯಾಕೆ ಹೀಗಾಯ್ತು, ಎಂದ ಫಿಟ್ಟರ್, ನಿಲ್ಲಿಸಿದರೆ ಸರದಿ ಹೋಯಿತು, ನಿಲ್ಲಿಸದಿದ್ದರೆ ಎಂಜಿನ್ನೇ ಹೋದೀತು, ಕೆಂಪು ಗುಂಡಿಯತ್ತ ಚಾಚಿದ ಅವಳದೇ ಕೈ, ಹೆಬ್ಬೆರಳು, ಹೆಬ್ಬೆರಳ ಮೇಲೆ ಅದೇನದು, ಸಣ್ಣಗೆ ಕೆಂಪಗೆ ಒಂದರ ಮೇಲೊಂದು ಹಾದ ಎರಡು ಗೆರೆ — ನಕ್ಕಾಗ ತಗಡಿನ ಗೀರಿಗೆ ಒತ್ತಿದ್ದು, ಅಮ್ಮನ ಮಾತಿಗೆ ನಕ್ಕಾಗ, ನಿಂತದ್ದು ಎಂಜಿನ್ನಿನ ಕಡೆ, ಹೆಬ್ಬೆರಳು ತನ್ನ ಕಡೆ, ಗೀರೂ ತನ್ನ ಕಡೆಯೇ, ಸರಿಯಾಗಿಯೇ ಇದೆ, ಕುಣಿಯಬೇಕೆನಿಸಿತು, ಬೇಡ, ಏರ್ಲಿ ಬಿಡಿ, ಎಂದಳು.

ಢಮಾರ್, ಕಿಟಕಿ ಗಡಗಡಿಸಿತು, ಅಷ್ಟೇ, ಮುಗಿಯಿತು, ಈಗ ಕ್ಯಾಮೆರಾ ಹಿಡಿದದ್ದು ಒಂದೊಂದಾಗಿ ಪರದೆಯ ಮೇಲೆ, ಕತ್ತಲೆ, ಕತ್ತಲೆ, ಫಿಟ್ಟರ್ ಪರದೆಯತ್ತ ಬಾಗುತ್ತಾನೆ, ಕತ್ತಲೆ, ಆಮೇಲೆ ತಗ್ಗಿನ ಮೂಲೆಯಲ್ಲಿ ಒಂದು ಚುಕ್ಕೆ, ಮುಂದಿನ ಚಿತ್ರದಲ್ಲೂ ಇದೆ, ಅದರ ಮುಂದಿನದರಲ್ಲೂ, ಮೇಲೆ ಆ ಹುಚ್ಚು ಗಾಳಿ, ಕೆಳಗೆ ಮಡಚಿದ ಅಂಗೈ, ಅಂಗೈಯ ಮರೆಯಲ್ಲಿ ಕಡ್ಡಿ, ಕಡ್ಡಿಯ ತುದಿಯಲ್ಲಿ ನೀಲಿ, ಆರಲಿಲ್ಲ, ನೀಲಿ, ಆರಲಿಲ್ಲ —