ಹಾರುವ ನೀರುಕಾಗೆ, ಹಾರದ ನೀರುಕಾಗೆ

ಕಾಫಿ ತೋಟದ ಮರ ಹತ್ತಿ, ಕೊಂಬೆ ಸವರಿ, ಗಿಡಕ್ಕೆ ಬೇಕಾದಷ್ಟೇ ಬಿಸಿಲು ಇಳಿಸುವುದಕ್ಕೆ ನಮ್ಮ ಕಡೆ ಮರಗಸಿ ಅನ್ನುತ್ತಾರೆ. ಗೋಣಿಬೀಡಿನ ಸುತ್ತ ಆ ಕೆಲಸದಲ್ಲಿ ಜವರಯ್ಯನನ್ನು ಮೀರಿಸುವವರಿರಲಿಲ್ಲ. ಹೋದ ವರ್ಷ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಪುಣ್ಯಾತ್ಮ ಜಗಲಿ ಬಿಟ್ಟು ಇಳಿದಿರಲಿಲ್ಲ. ಕೋಲೂರಿ ನಡೆಯಬಲ್ಲ, ಮರ ಹತ್ತಲಾರ. ಪಕ್ಕದ ತೋಟದ ಧರ್ಮೇಶ್ ಮೂರು ಸಲ ಬಂದು, "ನೀವು ಕೆಳಗೆ ನಿಂತು ಕೊಂಬೆ ತೋರ್ಸಿ ಸಾಕು ಜವರಣ್ಣ, ಹತ್ತೋದು ನಾನು" ಎಂದು ಕರೆದ. ಕನಿಕರಕ್ಕೆ ಕರೆಯುತ್ತಾನೆಂದು ಜವರಯ್ಯ ಮುಖ ತಿರುಗಿಸಿದ. ಹಟ ಅಂದರೆ ಎಂಥಾ ಹಟ!

ಆ ಬೆಳಿಗ್ಗೆ ಮಗಳು ಧನ್ಯಾ ಶಾಲೆಯ ಪರಿಸರ ದಿನದ ಭಾಷಣ ಒಪ್ಪಿಸುತ್ತಿದ್ದಳು. ಅಳಿವಿನ ಭಯದಲ್ಲಿರುವ ಎರಡು ಜಾತಿಯ ನೀರುಕಾಗೆಗಳ ಹೋಲಿಕೆ. ಗಲಾಪಗೋಸ್ ದ್ವೀಪದ್ದು ಮೋಟು ರೆಕ್ಕೆಯದು, ಹಾರಲಾರದು. ಆಫ್ರಿಕಾದ ದಕ್ಷಿಣ ಕರಾವಳಿಯದು ಹಾರಬಲ್ಲದು.

"ಯಾವುದಕ್ಕಪ್ಪ ಜಾಸ್ತಿ ಅಪಾಯ?"

"ಕೇಳ್ಬೇಕೇನೆ? ಹಾರಕ್ಕಾಗ್ದೆ ಇರೋದಕ್ಕೆ." ಜವರಯ್ಯ ತನ್ನ ಕೋಲು ನೋಡಿದ. "ಪಾಪದ್ದು. ಅದು ಇದ್ರೂ ಒಂದೇ, ಹೋದ್ರೂ ಒಂದೇ."

"ಅಲ್ಲ! ಹಾರೋದಕ್ಕೇ ಜಾಸ್ತಿ. ಆಹಾರ ಸಿಗದೆ ಬೇಗ ಬೇಗ ಕಮ್ಮಿ ಆಗ್ತಿದೆ. ನಾನೂ ಮೊದ್ಲು ನಿನ್ ಹಾಗೇ ಬರ್ದಿದ್ದೆ, ಮೇಷ್ಟ್ರು ತಿದ್ದಿದ್ರು. ಹಾರದೆ ಇರೋದು ಕಾಲಲ್ಲೇ ನೀರು ಒದ್ದು ತಳಕ್ಕಿಳಿದು ಮೀನು ಹಿಡಿಯುತ್ತೆ. ತಾಯಿ ಬಿಟ್ಟು ಹೋದ್ರೂ ಅಪ್ಪನೇ ಮರಿ ಸಾಕುತ್ತೆ." ಹುಡುಗಿ ಅಪ್ಪನ ತೋಳು ಹಿಡಿದಳು. "ಇದ್ರೂ ಒಂದೇ ಹೋದ್ರೂ ಒಂದೇ ಅಂತ ಇನ್ನೊಂದ್ಸಲ ಅನ್ಬೇಡ ಅಪ್ಪ. ನಂಗೆ ಭಯ ಆಗುತ್ತೆ."

ಹಕ್ಕಿಯ ಹೆಸರಲ್ಲಿ ಜವರಯ್ಯ ಆಡಿದ್ದು ಯಾರ ಕುರಿತ ಮಾತೆಂದು ಮಗಳಿಗೆ ಗೊತ್ತಾಗಿತ್ತು. ಅವನು ಆಚೆ ನೋಡಿದರೆ, ಬೇಲಿಯಾಚೆ ಅತ್ತಿಮರದ ಮೇಲೆ ಧರ್ಮೇಶ್ ಕತ್ತಿ ಎತ್ತಿದ್ದ. ಅದೂ ಪಡುವಣ ಕೊಂಬೆಗೆ! ಅದು ಹೋದರೆ ಮಧ್ಯಾಹ್ನದ ಬಿಸಿಲಿಗೆ ಕೆಳಗಿನ ಗಿಡವೆಲ್ಲ ಸುಟ್ಟಂತೆಯೇ.

"ಏಯ್, ನಿಲ್ಸಾ ಮಾರಾಯ!" ಜವರಯ್ಯ ಕೋಲೂರಿ ಜಗಲಿ ಇಳಿದೇಬಿಟ್ಟ. "ಅದನ್ನ ಮುಟ್ಬೇಡ. ಎಡಗಡೆದು ತೆಗಿ!"

"ಸದ್ಯ, ಬಂದ್ರಲ್ಲ!" ಮೇಲಿಂದ ಧರ್ಮೇಶ್ ಕೂಗಿದ. "ಇಲ್ಲಿಂದ ಸೊಪ್ಪು ಬಿಟ್ರೆ ನಂಗೇನೂ ಕಾಣ್ತಿಲ್ಲ."

ಕನಿಕರದ ದನಿಯಾಗಿರಲಿಲ್ಲ ಅದು. ಜವರಯ್ಯನಿಗೆ ನೆನಪಾಯಿತು, ತಾನು ಮರ ಹತ್ತುತ್ತಿದ್ದಾಗಲೂ ಕೆಳಗೆ ನಿಂತು ಕೊಂಬೆ ತೋರಿಸಿ ಕೂಗುತ್ತಿದ್ದವನು ತನ್ನ ಅಪ್ಪ. ಅವನ ಮಾತಿಲ್ಲದೆ ತಾನೂ ಕತ್ತಿ ಬೀಸಿದವನಲ್ಲ. ಇಷ್ಟು ದಿನ ಅದು ಹೇಗೆ ಮರೆತುಹೋಯಿತೋ!

ಧನ್ಯಾ ಕಣ್ಣೊರೆಸಿಕೊಳ್ಳುತ್ತ ಬೇಲಿಯವರೆಗೆ ಓಡಿಬಂದಿದ್ದಳು.

"ಶಾಲೆಗೆ ಹೊರಡೇ, ಬಸ್ ತಪ್ಪುತ್ತೆ," ಜವರಯ್ಯ ಮರದಿಂದ ಕಣ್ಣು ಕೀಳದೆ ಗದರಿದ. "ನಂಗಿಲ್ಲಿ ಕೆಲಸ ಇದೆ."